ಪಾಡ್‌ಕಾಸ್ಟ್‌ನಲ್ಲಿ ಹೇಳೋದನ್ನೆಲ್ಲ ನಂಬಬಹುದಾ ಮೇಡಂ?

ನಾನು ಶಿವಮೊಗ್ಗದ ಒಂದು ಡಿಗ್ರಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಮೂರ್ನಾಲ್ಕು ವರ್ಷದಿಂದ ಕ್ಲಾಸ್ ಮುಗಿದ ಮೇಲೆ ಯಾರಾದರೊಬ್ಬರು ಮೇಜಿನ ಹತ್ತಿರ ಬಂದು ಈ ಪ್ರಶ್ನೆ ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ನೆಂಟರೂ ಕೇಳುತ್ತಾರೆ. ಅವರ ಮನಸ್ಸಿನಲ್ಲಿರುವುದು ಬದುಕು ಸುಧಾರಿಸಿಕೊಳ್ಳಿ ಎನ್ನುವ ಸಂದರ್ಶನಗಳು. ಒಬ್ಬ ಹೋಸ್ಟ್, ಒಬ್ಬ ಅತಿಥಿ, ಇಬ್ಬರ ಮುಂದೂ ದೊಡ್ಡ ಮೈಕ್, ಎರಡು ಎರಡೂವರೆ ಗಂಟೆ ಮಾತು. ನಿದ್ದೆ, ಊಟ, ದುಡ್ಡು, ಏಕಾಗ್ರತೆ, ಮದುವೆ, ಮುಪ್ಪು, ಎಲ್ಲದರ ಬಗ್ಗೆಯೂ ಸಲಹೆ ಇರುತ್ತದೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೇಳಿ, ನಾನೂ ಕೇಳುತ್ತೇನೆ. ಆದರೆ ಆ ಮನುಷ್ಯ ನಮಗೆ ಇಷ್ಟವಾದ ಎನ್ನುವುದು ಒಂದು ಲೆಕ್ಕ, ಅವನು ಹೇಳಿದ್ದು ನಿಜ ಎನ್ನುವುದು ಇನ್ನೊಂದು ಲೆಕ್ಕ. ಎರಡು ಗಂಟೆ ಕೇಳುತ್ತಾ ಹೋದರೆ ಇವೆರಡೂ ನಮಗೆ ಗೊತ್ತಾಗದ ಹಾಗೆ ಒಂದಾಗಿಬಿಡುತ್ತವೆ.

ಮೊದಲು ಇಷ್ಟವಾಗುವ ವಿಷಯ. ಇದನ್ನು ಹಗುರವಾಗಿ ನೋಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ನಮ್ಮ ಕಾಲೇಜಿಗೆ ಹೊಸನಗರ, ಸೊರಬ, ಶಿಕಾರಿಪುರದ ಕಡೆಯಿಂದ ಮಕ್ಕಳು ಬರುತ್ತಾರೆ. ಎಷ್ಟೋ ಜನ ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ಇಂಟರ್‌ವ್ಯೂಗೆ ಹೋದಾಗ ಸಂಬಳದ ಮಾತು ಹೇಗೆ ಎತ್ತುವುದು, ಒಂದು ಕಂಪನಿ ಒಳಗೆ ಹೇಗೆ ನಡೆಯುತ್ತದೆ, ಫೇಲಾದ ಮೇಲೆ ಜನ ಏನು ಮಾಡುತ್ತಾರೆ, ಇದನ್ನೆಲ್ಲ ಕೂರಿಸಿಕೊಂಡು ಹೇಳುವವರು ಅವರ ಮನೆಯಲ್ಲಿ ಇಲ್ಲ. ಮೊದಲಾದರೆ ಇದಕ್ಕೆಲ್ಲ ಬೆಂಗಳೂರಿನಲ್ಲಿ ಒಬ್ಬ ಸೋದರಮಾವನೋ ಚಿಕ್ಕಪ್ಪನೋ ಇರಬೇಕಿತ್ತು. ಈಗ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ, ದೊಡ್ಡ ಕೆಲಸ ಮಾಡಿದ ಒಬ್ಬರು ತಮ್ಮ ಭಯ, ಸೋಲು, ಅಪ್ಪನ ಜೊತೆಗಿನ ಜಗಳ ಎಲ್ಲವನ್ನೂ ನಿಧಾನವಾಗಿ ಹೇಳುತ್ತಾರೆ. ನನ್ನ ಒಬ್ಬ ವಿದ್ಯಾರ್ಥಿನಿ ಕೆಳಗೆ ಬರುವ ಸಬ್‌ಟೈಟಲ್ ಓದುತ್ತಾ ಓದುತ್ತಾ ಇಂಗ್ಲಿಷ್ ಮಾತಾಡಲು ಕಲಿತಳು. ಇದು ಸಣ್ಣ ಉಪಕಾರ ಅಲ್ಲ.

ಹಾಗಾಗಿಯೇ ಇದು ಇಷ್ಟು ಬೆಳೆದಿದೆ. ಅಮೆರಿಕದ ಟಿಮ್ ಫೆರಿಸ್ ತಮ್ಮ ಸಂದರ್ಶನಗಳನ್ನು ಶುರು ಮಾಡಿದ್ದು 2014ರಲ್ಲಿ. ಬೆಳಿಗ್ಗೆ ಎದ್ದು ಏನು ಮಾಡುತ್ತೀರಿ ಎಂದು ಗೆದ್ದವರನ್ನು ಕೇಳುವ ಪದ್ಧತಿ ಹರಡಿದ್ದರಲ್ಲಿ ಅವರ ಪಾಲು ದೊಡ್ಡದು. ನಮ್ಮ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಅವರ ಪಾಡ್‌ಕಾಸ್ಟ್‌ನಲ್ಲಿ 2025ರ ಜನವರಿಯಲ್ಲಿ ಪ್ರಧಾನಿಯೇ ಕೂತು ಮಾತಾಡಿದರು.

ಇನ್ನು ನಂಬಿಕೆ. 1956ರಲ್ಲಿ ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಎಂಬ ಇಬ್ಬರು ಸಮಾಜವಿಜ್ಞಾನಿಗಳು ಒಂದು ಲೇಖನ ಬರೆದರು. ರೇಡಿಯೊ, ಟಿವಿಯಲ್ಲಿ ದಿನಾ ಕಾಣಿಸುವ, ಕೇಳಿಸುವ ಮನುಷ್ಯನ ಜೊತೆ ನೋಡುಗರಿಗೆ ಒಂದು ತರಹದ ಗೆಳೆತನ ಬೆಳೆಯುತ್ತದೆ, ಆದರೆ ಅದು ಒಂದೇ ಕಡೆಯ ಗೆಳೆತನ, ಆ ಕಡೆಯವನಿಗೆ ಇವರ ಹೆಸರೂ ಗೊತ್ತಿರುವುದಿಲ್ಲ ಎಂದು ಅವರು ಗುರುತಿಸಿದರು. ಆಗಿನ ಟಿವಿ ಕೋಣೆಯ ಆ ಮೂಲೆಯಲ್ಲಿರುತ್ತಿತ್ತು. ಈಗ ಧ್ವನಿ ಕಿವಿಯ ಒಳಗೇ ಇದೆ. ಪಾತ್ರೆ ತೊಳೆಯುವಾಗ, ರಾತ್ರಿ ನಿದ್ದೆ ಬಾರದಾಗ ಅದೇ ಧ್ವನಿ. ನನ್ನ ಗಂಡನ ಜೊತೆ ಕೂಡ ನಾನು ದಿನಕ್ಕೆ ಎರಡು ಗಂಟೆ ಬಿಡದೆ ಮಾತಾಡುವುದಿಲ್ಲ. ಹಾಗೆ ಹತ್ತಿರವಾದವರ ಮಾತನ್ನು ಪರೀಕ್ಷೆ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಗೆಳೆಯನ ಹತ್ತಿರ ಪುರಾವೆ ಕೇಳುತ್ತೇವಾ?

ಒಂದು ಉದಾಹರಣೆ ಕೊಡುತ್ತೇನೆ. ಆಂಡ್ರ್ಯೂ ಹ್ಯೂಬರ್‌ಮನ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರವಿಜ್ಞಾನಿ. 2021ರಲ್ಲಿ ಪಾಡ್‌ಕಾಸ್ಟ್ ಶುರು ಮಾಡಿದರು. ಒಬ್ಬರೇ ಪಾಠದ ಹಾಗೆ ಮಾತಾಡುವುದೂ ಉಂಟು, ಅತಿಥಿಗಳನ್ನು ಕರೆಸುವುದೂ ಉಂಟು. ಅವರ ಎರಡು ಸಲಹೆ ನಮ್ಮ ಹುಡುಗರ ಬಾಯಲ್ಲೂ ಓಡಾಡುತ್ತವೆ. ಒಂದು, ಎದ್ದ ಮೇಲೆ ಸ್ವಲ್ಪ ಹೊತ್ತು ಹೊರಗೆ ಬೆಳಕಿಗೆ ಬನ್ನಿ. ಇನ್ನೊಂದು, ಎದ್ದ ತಕ್ಷಣ ಕಾಫಿ ಕುಡಿಯಬೇಡಿ, ಒಂದೂವರೆಯಿಂದ ಎರಡು ಗಂಟೆ ತಡೆಯಿರಿ.

ಮೊದಲನೆಯದಕ್ಕೆ ಗಟ್ಟಿ ಆಧಾರ ಇದೆ. ನಮ್ಮ ಕಣ್ಣಿನ ಹಿಂಪದರದಲ್ಲಿ, ಚಿತ್ರ ನೋಡುವುದಕ್ಕಿಂತ ಹೆಚ್ಚಾಗಿ ಹಗಲೋ ರಾತ್ರಿಯೋ ಎಂದು ಮಿದುಳಿಗೆ ತಿಳಿಸುವ ಕೆಲಸ ಮಾಡುವ ಜೀವಕೋಶಗಳಿವೆ. ಮಿದುಳಿನ ಒಳಗಿನ ಗಡಿಯಾರ ಆ ಸುದ್ದಿ ನೋಡಿಕೊಂಡು ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಇದನ್ನು ಬೇರೆ ಬೇರೆ ದೇಶದ, ಬೇರೆ ಬೇರೆ ಲ್ಯಾಬಿನವರು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ಪರೀಕ್ಷಿಸಿದ್ದಾರೆ. ಹ್ಯೂಬರ್‌ಮನ್ ಅವರ ಸ್ವಂತ ಸಂಶೋಧನೆಯೂ ಕಣ್ಣು ಮತ್ತು ಮಿದುಳಿನ ಸಂಬಂಧದ ಬಗ್ಗೆಯೇ.

ಕಾಫಿಯ ಸಲಹೆಗೆ ಆ ಮಟ್ಟದ ಆಧಾರ ಇಲ್ಲ. ದೇಹದಲ್ಲಿ ನಿದ್ದೆ ತರಿಸುವ ಅಡೆನೊಸಿನ್ ಎಂಬ ವಸ್ತುವಿಗೆ ಕಾಫಿ ಅಡ್ಡ ನಿಲ್ಲುತ್ತದೆ, ಎದ್ದ ಕೂಡಲೇ ಕುಡಿದರೆ ಅದರ ಪ್ರಭಾವ ಇಳಿದಾಗ ಮಧ್ಯಾಹ್ನ ಮಂಪರು ಬರುತ್ತದೆ, ಹೀಗೆ ಒಂದು ವಿವರಣೆ ಇದೆ. ಕೇಳಲು ಚೆನ್ನಾಗಿದೆ. ಆದರೆ "ಹೀಗೆ ಆಗಬಹುದು" ಎನ್ನುವುದು ಬೇರೆ, "ತಡೆದು ಕುಡಿದವರನ್ನೂ ಎದ್ದ ಕೂಡಲೇ ಕುಡಿದವರನ್ನೂ ಅಳೆದು ನೋಡಿದೆವು, ಹೀಗೆ ಆಯಿತು" ಎನ್ನುವುದು ಬೇರೆ. ಮಲೆನಾಡಿನಲ್ಲಿ ಎದ್ದು ಮುಖ ತೊಳೆದ ಕೂಡಲೇ ಕಾಫಿ ಬೇಕು. ಅದನ್ನು ತಡಮಾಡಬೇಕು ಎಂದರೆ ನಾನು ಎರಡನೆಯ ತರಹದ ಮಾತು ಕೇಳಲು ಬಯಸುತ್ತೇನೆ.

ತೊಂದರೆ ಸಲಹೆಯದ್ದಷ್ಟೇ ಅಲ್ಲ. ಎರಡೂ ಬರುವುದು ಒಂದೇ ಧ್ವನಿಯಲ್ಲಿ, ಅಷ್ಟೇ ವಿಶ್ವಾಸದಲ್ಲಿ, ಅದೇ ಲ್ಯಾಟಿನ್ ಹೆಸರುಗಳ ಜೊತೆ. ಯಾವುದು ಕಲ್ಲು, ಯಾವುದು ಮಣ್ಣು ಎಂದು ಕೇಳುವವರಿಗೆ ಗೊತ್ತಾಗುವುದು ಹೇಗೆ?

ಇಂಥದ್ದೇ ಇನ್ನೊಂದು ಸಲಹೆ, ಇಪ್ಪತ್ತೊಂದು ದಿನದ್ದು. ಅದರ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಳೆದ ವರ್ಷ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಬೆಳಿಗ್ಗೆ ಐದಕ್ಕೆ ಏಳುವುದನ್ನು ರೂಢಿ ಮಾಡಿಕೊಳ್ಳಲು ಹೊರಟಿದ್ದ. ಯಾವುದೋ ಎಪಿಸೋಡ್‌ನಲ್ಲಿ 21 ದಿನ ಮಾಡಿದರೆ ಅದು ಅಭ್ಯಾಸವಾಗುತ್ತದೆ ಎಂದು ಕೇಳಿದ್ದ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಪೂರ್ತಿ 21 ದಿನ ಎದ್ದ. ಇಪ್ಪತ್ತೆರಡನೇ ದಿನವೂ ಮೊದಲಿನಷ್ಟೇ ಕಷ್ಟವಾಯಿತು. "ನನ್ನಲ್ಲೇ ಏನೋ ಸರಿಯಿಲ್ಲ ಮೇಡಂ, ಬೇರೆಯವರಿಗೆಲ್ಲ ಆಗುತ್ತೆ" ಎಂದ. ಅವನ ಮುಖ ನನಗೆ ಇವತ್ತಿಗೂ ನೆನಪಿದೆ.

ಆ 21 ಎಲ್ಲಿಂದ ಬಂತು? ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು. ತನ್ನ ರೋಗಿಗಳಿಗೆ ಆಪರೇಶನ್ ಆದ ಮೇಲೆ ಹೊಸ ಮುಖ ಒಗ್ಗಿಹೋಗಲು ಕಡಿಮೆ ಎಂದರೂ ಸುಮಾರು 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. "ಕಡಿಮೆ ಎಂದರೂ" ಎನ್ನುವ ಮಾತು ಬಾಯಿಂದ ಬಾಯಿಗೆ ಹೋಗುವಾಗ ಉದುರಿತು. "ಮುಖ" ಎನ್ನುವುದೂ ಉದುರಿತು. ಉಳಿದದ್ದು 21 ಮಾತ್ರ.

ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯುನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಅವರ ಜೊತೆಗಾರರು. 96 ಜನ ಒಂದೊಂದು ಹೊಸ ಅಭ್ಯಾಸ ಆರಿಸಿಕೊಂಡರು. ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ವ್ಯಾಯಾಮ ಮಾಡುವುದು, ಇಂಥವು. ಅದು ತಾನಾಗಿಯೇ ನಡೆಯುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕಾಯಿತು. ಆದರೆ ನಾನು ಆ ಹುಡುಗನಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದು 66 ಅಲ್ಲ. 18 ಮತ್ತು 254. ಇವರ ಲೆಕ್ಕದ ಪ್ರಕಾರ ಒಬ್ಬರಿಗೆ 18 ದಿನ ಸಾಕು, ಇನ್ನೊಬ್ಬರಿಗೆ 254 ದಿನ ಬೇಕು. ಮಧ್ಯದಲ್ಲಿ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲ ಎಂದೂ ಅದರಲ್ಲೇ ಕಂಡುಬಂತು. "ನೀನು ಕೆಟ್ಟಿಲ್ಲ, ನಿನಗೆ ಸಿಕ್ಕಿದ ಸಂಖ್ಯೆ ಕೆಟ್ಟದ್ದು" ಎಂದೆ. ಅವನಿಗೆ ಅಳು ಬಂದ ಹಾಗಾಯಿತು. ತಪ್ಪು ಸಲಹೆಯಿಂದ ದುಡ್ಡು ಹೋಗುವುದಕ್ಕಿಂತ, ಅದು ಫಲಿಸದಾಗ ಮಕ್ಕಳು ತಮ್ಮನ್ನೇ ದೂರಿಕೊಳ್ಳುತ್ತಾರಲ್ಲ, ಅದು ನನಗೆ ಜಾಸ್ತಿ ಸಂಕಟ ಕೊಡುತ್ತದೆ.

ಹೋಸ್ಟ್ ಯಾಕೆ ತಡೆದು ಕೇಳುವುದಿಲ್ಲ ಎಂದು ನೀವು ಕೇಳಬಹುದು. ಅವರು ನಡೆಸುತ್ತಿರುವುದು ಅಂಥ ಸಂದರ್ಶನ ಅಲ್ಲ. ಅತಿಥಿ ಬರುವುದು ಬಹಳ ಸಲ ಹೊಸ ಪುಸ್ತಕವನ್ನೋ ಕಂಪನಿಯನ್ನೋ ಜನಕ್ಕೆ ಪರಿಚಯಿಸಲು. ಹೋಸ್ಟ್‌ಗೆ ಮುಂದಿನ ವಾರವೂ ಅತಿಥಿ ಬೇಕು. ಬಿಗಿಯಾಗಿ ಪ್ರಶ್ನೆ ಹಾಕಿದರೆ ಮುಂದಿನವರು ಬರಲು ಹಿಂದೆ ಮುಂದೆ ನೋಡುತ್ತಾರೆ. ಮೊದಲ ಪ್ರಶ್ನೆ ಚೆನ್ನಾಗಿಯೇ ಇರುತ್ತದೆ. "ಅದು ನಿಮಗೆ ಹೇಗೆ ಗೊತ್ತು? ಒಪ್ಪದವರು ಏನು ಹೇಳುತ್ತಾರೆ?" ಎನ್ನುವ ಎರಡನೇ ಪ್ರಶ್ನೆ ಬರುವುದು ತೀರಾ ಅಪರೂಪ. ನಾನು ಈಗ ಯಾವ ಎಪಿಸೋಡ್ ಕೇಳಿದರೂ ಆ ಎರಡನೇ ಪ್ರಶ್ನೆಗೆ ಕಾಯುತ್ತೇನೆ. ಬಂದರೆ ಆ ಹೋಸ್ಟ್ ಮೇಲೆ ಗೌರವ ಜಾಸ್ತಿಯಾಗುತ್ತದೆ.

ಬ್ರಿಟನ್ನಿನ ಸ್ಟೀವನ್ ಬಾರ್ಟ್ಲೆಟ್ ಅವರ 'ದಿ ಡೈರಿ ಆಫ್ ಎ ಸಿಇಒ' ಜಗತ್ತಿನ ಅತಿ ಜನಪ್ರಿಯ ಪಾಡ್‌ಕಾಸ್ಟ್‌ಗಳಲ್ಲಿ ಒಂದು. ಅವರು ಕೇಳುವ ರೀತಿ ನನಗೂ ಇಷ್ಟ. ಎದುರಿಗಿರುವವರ ಮಾತನ್ನು ಮನಸ್ಸಿಟ್ಟು ಕೇಳುತ್ತಾರೆ. ಆದರೆ 2024ರ ಡಿಸೆಂಬರ್‌ನಲ್ಲಿ ಬಿಬಿಸಿ ಅವರ ಆರೋಗ್ಯದ 15 ಎಪಿಸೋಡ್‌ಗಳನ್ನು ತೆಗೆದು ನೋಡಿತು. ವಿಜ್ಞಾನದಲ್ಲಿ ಇರುವ ಹೇರಳ ಪುರಾವೆಗೆ ವಿರುದ್ಧವಾದ, ಹಾನಿ ಮಾಡಬಹುದಾದ ಮಾತುಗಳು ಒಂದೊಂದರಲ್ಲೂ ಸರಾಸರಿ 14 ಇದ್ದವು ಎಂದು ವರದಿ ಮಾಡಿತು. ಕೊಬ್ಬು ಜಾಸ್ತಿ, ಅನ್ನ ಸಕ್ಕರೆ ತೀರಾ ಕಡಿಮೆ ಇರುವ ಕೀಟೋ ಆಹಾರದಿಂದ ಕ್ಯಾನ್ಸರಿಗೆ ಚಿಕಿತ್ಸೆ ಮಾಡಬಹುದು ಎನ್ನುವಂಥ ಮಾತೂ ಅದರಲ್ಲಿತ್ತು. ಅತಿಥಿಗಳಿಗೆ ತಮ್ಮ ಅಭಿಪ್ರಾಯ ಹೇಳುವ ಸ್ವಾತಂತ್ರ್ಯ ಕೊಡುತ್ತೇವೆ ಎಂಬುದು ಅವರ ನಿರ್ಮಾಣ ಸಂಸ್ಥೆಯ ಉತ್ತರ. ಸ್ವಾತಂತ್ರ್ಯ ಇರಲಿ. ಕೇಳುವವರಿಗೂ ಆ ಎರಡನೇ ಪ್ರಶ್ನೆ ಸಿಗಬೇಕಲ್ವಾ?

ಅದೇ ವರ್ಷ ಆಗಸ್ಟ್‌ನಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ, ಹ್ಯೂಲ್ ಮತ್ತು ಜೋಯಿ ಎಂಬ ಆಹಾರ, ಪೋಷಣೆಯ ಕಂಪನಿಗಳ ಫೇಸ್‌ಬುಕ್ ಜಾಹೀರಾತುಗಳನ್ನು ತಡೆಯಿತು. ಅವುಗಳಲ್ಲಿ ಬಾರ್ಟ್ಲೆಟ್ ಇದ್ದರು. ಆಗ ಒಂದು ಕಂಪನಿಯಲ್ಲಿ ಅವರು ನಿರ್ದೇಶಕರಾಗಿದ್ದರು, ಇನ್ನೊಂದರಲ್ಲಿ ದುಡ್ಡು ಹಾಕಿದ್ದರು. ಜಾಹೀರಾತಿನಲ್ಲಿ ಅದನ್ನು ಹೇಳಿರಲಿಲ್ಲ. ಪಾಡ್‌ಕಾಸ್ಟ್ ಒಳಗೆ ಹೋಸ್ಟ್ ತನ್ನ ಧ್ವನಿಯಲ್ಲೇ ಜಾಹೀರಾತು ಓದುವುದೂ ನನಗೆ ಕಸಿವಿಸಿ. ಆಗಷ್ಟೇ ತಾಯಿಯ ಸಾವಿನ ಬಗ್ಗೆ ಮಾತಾಡಿದ ಬಾಯಿಯೇ ಪ್ರೋಟೀನ್ ಪುಡಿಯ ಬಗ್ಗೆ ಹೇಳಿದರೆ, ನಮ್ಮ ಮನಸ್ಸು ಅದನ್ನೂ ಗೆಳೆಯನ ಮಾತೆಂದೇ ತಗೊಳ್ಳುತ್ತದೆ.

ಇನ್ನು ಗೆದ್ದವರ ಮಾತು. ಗೆದ್ದೆತ್ತಿನ ಬಾಲ ಹಿಡಿಯುವುದು ಎನ್ನುತ್ತೇವಲ್ಲ, ಈ ಸಂದರ್ಶನಗಳು ನಿಂತಿರುವುದೇ ಅದರ ಮೇಲೆ. ಇದಕ್ಕೆ ನಾನು ಕ್ಲಾಸಿನಲ್ಲಿ ಏಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞರ ಕತೆ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ದಾಳಿ ಮಾಡಿ ವಾಪಸ್ ಬಂದ ವಿಮಾನಗಳ ಮೇಲೆ ಗುಂಡಿನ ತೂತುಗಳು ಎಲ್ಲೆಲ್ಲಿವೆ ಎಂದು ನೋಡಿ, ಎಲ್ಲಿ ಹೆಚ್ಚು ಕವಚ ಹಾಕಬೇಕು ಎಂಬ ಲೆಕ್ಕ ನಡೆಯುತ್ತಿತ್ತು. ತೂತು ಬಿದ್ದ ಕಡೆ ಹಾಕೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ವಾಲ್ಡ್ ಯೋಚಿಸಿದ್ದು ವಾಪಸ್ ಬಾರದ ವಿಮಾನಗಳ ಬಗ್ಗೆ. ಎಂಜಿನ್ನಿಗೆ ಪೆಟ್ಟು ಬಿದ್ದವು ಬಂದೇ ಇಲ್ಲ, ಅದಕ್ಕೇ ಬಂದವುಗಳ ಎಂಜಿನ್ ಮೇಲೆ ತೂತು ಕಡಿಮೆ, ಕವಚ ಬೇಕಾದದ್ದು ಅಲ್ಲಿಗೇ. (ಈ ವಾಲ್ಡ್ 1950ರಲ್ಲಿ ಉಪನ್ಯಾಸ ಕೊಡಲು ಭಾರತಕ್ಕೆ ಬಂದಿದ್ದರು. ಅವರಿದ್ದ ವಿಮಾನ ನಮ್ಮ ಪಕ್ಕದ ನೀಲಗಿರಿ ಬೆಟ್ಟದಲ್ಲಿ ಬಿದ್ದು, ಅವರೂ ಅವರ ಹೆಂಡತಿಯೂ ತೀರಿಕೊಂಡರು. ಕ್ಲಾಸಿನಲ್ಲಿ ಇದನ್ನು ಹೇಳುವಾಗ ಪ್ರತಿ ಸಲವೂ ನನ್ನ ಗಂಟಲು ಕಟ್ಟುತ್ತದೆ.) ಐದಕ್ಕೆ ಎದ್ದು, ಕೆಲಸ ಬಿಟ್ಟು, ಸಾಲ ಮಾಡಿ ಗೆದ್ದವರು ಮೈಕಿನ ಮುಂದೆ ಕೂತಿದ್ದಾರೆ. ಅದನ್ನೇ ಮಾಡಿ ಸೋತವರನ್ನು ಯಾರು ಕರೆಯುತ್ತಾರೆ?

ಕೊನೆಯದಾಗಿ ನಮ್ಮ ಮನೆಯದೇ ವಿಷಯ. ಅಕ್ಕನ ಗಂಡ, ನಮ್ಮ ಭಾವ, ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳುತ್ತಿದ್ದರು. ಒಂದು ಎಪಿಸೋಡ್ ಕೇಳಿ ಅದನ್ನು ನಿಲ್ಲಿಸಿಬಿಟ್ಟಿದ್ದರು. ಎರಡು ತಿಂಗಳು ಅಕ್ಕನಿಗೂ ಹೇಳಿರಲಿಲ್ಲ. ಗೊತ್ತಾದಾಗ ನನಗೆ ಸಿಟ್ಟು ಬಂತು. "ಭಾವ, ನೀವು ಡಾಕ್ಟರನ್ನು ಒಂದು ಮಾತು ಕೇಳಬಹುದಿತ್ತಲ್ಲ?" ಎಂದೆ. ಅವರು ನಿಧಾನವಾಗಿ ಹೇಳಿದರು. "ಡಾಕ್ಟರ್ ಹತ್ರ ಕೂತಿದ್ದೇ ಐದು ನಿಮಿಷ ಕಣಮ್ಮ. ಈ ಮಾತ್ರೆ ಯಾಕೆ ಅಂತ ಅವರು ಹೇಳಲಿಲ್ಲ, ಕೇಳೋಕೆ ನನಗೆ ಧೈರ್ಯ ಬರಲಿಲ್ಲ. ಇವರು ಎರಡು ಗಂಟೆ ಕೂತು ನನಗೆ ಅರ್ಥ ಆಗೋ ಹಾಗೆ ಹೇಳಿದರು."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಅವರಿಗೆ ಬೇಕಾಗಿದ್ದ ವಿವರಣೆಯನ್ನು ಕೊಡಬೇಕಾದವರು ಕೊಟ್ಟಿರಲಿಲ್ಲ. ಆ ಖಾಲಿ ಜಾಗಕ್ಕೆ ಇನ್ಯಾರೋ ಬಂದು ಕೂತಿದ್ದರು. ಅವತ್ತು ರಾತ್ರಿ ನಾವಿಬ್ಬರೂ ಕೂತು ಒಂದು ಹಾಳೆಯ ಮೇಲೆ ಪ್ರಶ್ನೆ ಬರೆದೆವು. ಈ ಮಾತ್ರೆ ತಗೊಂಡರೆ ನನ್ನಂಥ ನೂರು ಜನರಲ್ಲಿ ಎಷ್ಟು ಜನಕ್ಕೆ ಉಪಯೋಗ? ಅಡ್ಡ ಪರಿಣಾಮ ಎಷ್ಟು ಜನಕ್ಕೆ? ಬಿಟ್ಟರೆ ಏನಾಗಬಹುದು? ಆಹಾರದಿಂದಲೇ ಆಗುತ್ತದಾ? ಭಾವನೇ ತಮ್ಮ ದುಂಡು ಅಕ್ಷರದಲ್ಲಿ ಬರೆದರು. ಸೋಮವಾರ ಬೆಳಿಗ್ಗೆ ರೋಗಿಗಳು ಕಡಿಮೆ ಇರುವ ಹೊತ್ತು ನೋಡಿ ಇಬ್ಬರೂ ಹೋದೆವು. ಡಾಕ್ಟರ್ ಆ ಹಾಳೆ ತಗೊಂಡು ಓದಿ, ಕನ್ನಡಕ ತೆಗೆದಿಟ್ಟು, ಮೊದಲ ಪ್ರಶ್ನೆಯಿಂದ ಶುರು ಮಾಡಿದರು.