ಸಾಪ್‌ವಿತ್ ಕ್ಯಾಮಲ್ ಮಾದರಿ: ಮೇಲಿನ ರೆಕ್ಕೆ ಸಿದ್ಧ

ಮೇಲಿನ ರೆಕ್ಕೆಯ ಚೌಕಟ್ಟು ಕೊನೆಗೂ ಬೋರ್ಡ್ ಬಿಟ್ಟು ಎದ್ದಿತು. ಕ್ಯಾಮಲ್ ಎಂದರೆ ಮೊದಲ ಮಹಾಯುದ್ಧದ, ಮೇಲೊಂದು ಕೆಳಗೊಂದು ರೆಕ್ಕೆಯ ಬ್ರಿಟಿಷ್ ಯುದ್ಧವಿಮಾನ. ಅಸಲಿ ಕ್ಯಾಮಲ್‌ನ ರೆಕ್ಕೆ ತುದಿಯಿಂದ ತುದಿಗೆ 28 ಅಡಿ. 1:6 ಅಳತೆಯ ನನ್ನದು 56 ಇಂಚು. ಹಗುರವಾದ ಬಾಲ್ಸಾ ಮರದ ರಿಬ್‌ಗಳನ್ನು (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳು) ಒಂದರ ಮೇಲೊಂದು ಪೇರಿಸಿ, ಬೋಲ್ಟ್ ಹಾಕಿ ಬಿಗಿದು, ಎಲ್ಲಕ್ಕೂ ಒಟ್ಟಿಗೇ ಸ್ಯಾಂಡ್‌ಪೇಪರ್ ಹಿಡಿದೆ. ರೆಕ್ಕೆಯ ಉದ್ದಕ್ಕೂ ಹಾಯುವ ತೊಲೆಗಳಾದ ಸ್ಪಾರ್‌ಗಳು ಸ್ಪ್ರೂಸ್ ಮರದವು, ಅಸಲಿಯಲ್ಲಿ ಇದ್ದಂತೆಯೇ.

ಈ ರೆಕ್ಕೆ ಬೇಗ ಮುಗಿದದ್ದಕ್ಕೆ ಕಾರಣವಿದೆ. ಅದು ಪೂರ್ತಿ ಚಪ್ಪಟೆ. ಬೋರ್ಡಿನ ಮೇಲೆ ಹಾಗೇ ಮಲಗಿಸಿ ಅಂಟಿಸಬಹುದು. ಕೆಳಗಿನದಕ್ಕೆ 5 ಡಿಗ್ರಿ ಏರು, ನನ್ನ ಅಳತೆಯಲ್ಲಿ ತುದಿ ಎರಡು ಇಂಚಿಗೂ ತುಸು ಹೆಚ್ಚು ಮೇಲಕ್ಕೇಳಬೇಕು. ಎರಡೂ ರೆಕ್ಕೆಗಳಿಗೆ ಹಂಚಬೇಕಿದ್ದ ಏರನ್ನು ಕೆಳಗಿನದಕ್ಕೇ ಕೊಟ್ಟು ಮೇಲಿನದನ್ನು ನೇರ ಮಾಡಿದ್ದು ಕಾರ್ಖಾನೆಯ ಕೆಲಸ ಹಗುರಾಗಲೆಂದು. ಸಲಹೆ ಸಾಪ್‌ವಿತ್‌ನ ಕಾರ್ಖಾನೆ ನೋಡಿಕೊಳ್ಳುತ್ತಿದ್ದ ಫ್ರೆಡ್ ಸಿಗ್ರಿಸ್ಟ್ ಅವರದು. ಕ್ಯಾಮಲ್‌ನ ಆ ಗುರುತಿನ ಚಹರೆ ರೂಪುಗೊಂಡದ್ದು ಬಡಗಿಯ ಮೇಜಿನ ಅನುಕೂಲದಿಂದ ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ.

ಆ ಅನುಕೂಲ ಬೇಕೇ ಇತ್ತು. ಇಂಗ್ಲೆಂಡಿನ ಕಿಂಗ್‌ಸ್ಟನ್‌ನ ಹಳೆಯ ಸ್ಕೇಟಿಂಗ್ ರಿಂಕ್‌ನಲ್ಲಿ 1912ರಲ್ಲಿ ನೆಲೆಯೂರಿದ ಕಂಪನಿ ಸಾಪ್‌ವಿತ್. 1917ರಲ್ಲಿ ಯುದ್ಧಕ್ಕಿಳಿದ ಕ್ಯಾಮಲ್ 5,400ಕ್ಕೂ ಹೆಚ್ಚು ತಯಾರಾದವು, ಬಹುಪಾಲು ಬೇರೆಯವರ ಶೆಡ್‌ಗಳಲ್ಲಿ. ಲಿಂಕನ್‌ನಲ್ಲಿ ಒಕ್ಕಣೆ ಯಂತ್ರ ಮಾಡುತ್ತಿದ್ದ ರಸ್ಟನ್ ಪ್ರಾಕ್ಟರ್, ನಾರ್ವಿಚ್‌ನಲ್ಲಿ ಮರದ ಮನೆಗಳನ್ನು ಕಟ್ಟುತ್ತಿದ್ದ ಬೋಲ್ಟನ್ ಅಂಡ್ ಪಾಲ್, ಇಬ್ಬರೂ ಸಾವಿರದೈನೂರರ ಮೇಲೆ ಕಟ್ಟಿದರು. ವಿಮಾನವನ್ನೇ ಕಾಣದ ಕೈಗಳಿಗೂ ಒಗ್ಗುವ ವಿನ್ಯಾಸವಾಗಿರಬೇಕಿತ್ತು.

ಇನ್ನು ಬಟ್ಟೆ. ಪ್ಲಾಸ್ಟಿಕ್ ಫಿಲ್ಮ್ ಬೇಡವೆಂದು ತೀರ್ಮಾನಿಸಿ ತೆಳು ಲಿನನ್ ತಂದಿದ್ದೇನೆ. ರಿಬ್ ಸುತ್ತ ದಾರ ಸುತ್ತಿ ಗಂಟು ಹಾಕಿ, ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿ, ಡೋಪ್ ಎಂಬ ವಾರ್ನಿಷ್‌ನಂಥ ದ್ರವ ಬಳಿಯಬೇಕು. ಒಣಗಿದಂತೆ ಬಟ್ಟೆ ಬಿಗಿಯುತ್ತದೆ. ಅಂದು ಈ ಹೊಲಿಗೆ, ಬಳಿಯುವ ಕೆಲಸ ಬಹಳ ಮಟ್ಟಿಗೆ ಹೆಂಗಸರದು. ಯುದ್ಧದ ಆರಂಭದ ಡೋಪ್‌ನಲ್ಲಿ ಟೆಟ್ರಾಕ್ಲೋರೋಈಥೇನ್ ಇರುತ್ತಿತ್ತು. ಅದರ ಆವಿಯಿಂದ ಯಕೃತ್ತು ಕೆಟ್ಟು ಕಾಮಾಲೆ ಬಂದು ಕೆಲವರು ಸತ್ತೇಹೋದರು. ಪೈಲಟ್‌ಗಳ ಹೆಸರು ನೆನೆಯುವ ನಾವು ಇವರನ್ನೂ ನೆನೆಯಬೇಕು. ನಾನು ಬಳಸುವುದು ನೈಟ್ರೇಟ್ ಡೋಪ್, ಅದನ್ನೂ ಮಾಸ್ಕ್ ಹಾಕಿ ಮಹಡಿಯ ಮೇಲೆ, ಬಯಲಲ್ಲೇ ಬಳಿಯುತ್ತೇನೆ.

ಅದಕ್ಕೆ ಮೊದಲು ಕೆಳಗಿನ ರೆಕ್ಕೆಗೆ ಆಪು ಕೊಡುವ ಮರದ ತುಂಡುಗಳನ್ನು ಕೊಯ್ಯಬೇಕು.