ಹೆಲ್ಮೆಟ್ಟಿನೊಳಗಿನ ಗಾಳಿಸದ್ದಿಗೆ ಯಾವ ಇಯರ್‌ಪ್ಲಗ್?

ಬೈಕ್ ಓಡಿಸುವವರ ಕಿವಿ ಕೆಡುವುದು ಸೈಲೆನ್ಸರ್ ಸದ್ದಿನಿಂದ ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ವೇಗ ಗಂಟೆಗೆ 60-70 ಕಿಲೋಮೀಟರ್ ದಾಟಿತೆಂದರೆ ಎಂಜಿನ್, ಸೈಲೆನ್ಸರ್ ಎಲ್ಲವನ್ನೂ ಗಾಳಿ ಮೀರಿಸುತ್ತದೆ. ಹೆಲ್ಮೆಟ್ಟಿನ ಕೆಳ ಅಂಚಿಗೆ, ಅದರಲ್ಲೂ ಗದ್ದ ಮತ್ತು ಕುತ್ತಿಗೆಯ ಹತ್ತಿರ, ಗಾಳಿ ಬಡಿದು ಸುಳಿಯಾಗುತ್ತದೆ. ಒಳಗೆ ಕೇಳುವ ಗುಡುಗಿನಂಥ ಸದ್ದು ಅದೇ. ಹೆಲ್ಮೆಟ್ಟಿನ ಥರ್ಮೋಕೋಲ್ ಪದರ ಪೆಟ್ಟು ತಡೆಯುವುದಕ್ಕಿರುವುದು, ಈ ದಪ್ಪ ದನಿಯ ಸದ್ದು ಅದಕ್ಕೆ ಜಗ್ಗುವುದಿಲ್ಲ. ಎಷ್ಟು ದುಬಾರಿ ಹೆಲ್ಮೆಟ್ ಕೊಂಡರೂ ಕಿವಿಗೆ ಬೇರೆ ರಕ್ಷಣೆ ಬೇಕೇ ಬೇಕು.

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೆಲ್ಮೆಟ್ಟಿನೊಳಗೆ 95ರಿಂದ 100 ಡೆಸಿಬೆಲ್ ಸದ್ದು ಸಾಮಾನ್ಯ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಹಾಕಿಕೊಟ್ಟಿರುವ ಮಿತಿ ಹೀಗಿದೆ: 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧ. 100ಕ್ಕೆ ಬರುವ ಹೊತ್ತಿಗೆ ಉಳಿಯುವುದು 15 ನಿಮಿಷ. ಸವಾರಿ ಮುಗಿದ ಮೇಲೆ ಕಿವಿ ಜುಂಯ್ ಅನ್ನುತ್ತಿದ್ದರೆ, ಎದುರಿನವರ ಮಾತು ಹತ್ತಿಯೊಳಗಿಂದ ಬಂದಂತೆ ಕೇಳಿದರೆ, ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶಗಳು ದಣಿದಿವೆ ಅಂತ ಅರ್ಥ. ಮರುದಿನಕ್ಕೆ ಸರಿಹೋಗಬಹುದು. ಮತ್ತೆ ಮತ್ತೆ ಹೀಗಾದರೆ ಆ ಕೋಶಗಳು ಸಾಯುತ್ತವೆ, ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಇಯರ್‌ಪ್ಲಗ್ ಪ್ಯಾಕೆಟ್ ಮೇಲೆ ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ ಅಂತ ಒಂದು ಸಂಖ್ಯೆ ಇರುತ್ತದೆ, ಪ್ಲಗ್ ಎಷ್ಟು ಡೆಸಿಬೆಲ್ ಸದ್ದು ತಡೆಯುತ್ತದೆ ಅಂತ ಅದು ಹೇಳುತ್ತದೆ. ಮೊದಲನೆಯದು ಅಮೆರಿಕದ ಅಳತೆ, ಎರಡನೆಯದು ಯುರೋಪಿನದು. ಒಂದೇ ಪ್ಲಗ್‌ಗೆ ಎರಡರಲ್ಲೂ ಬೇರೆ ಬೇರೆ ಅಂಕಿ ಬರುವುದರಿಂದ ಒಂದರ ಎನ್‌ಆರ್‌ಆರನ್ನು ಇನ್ನೊಂದರ ಎಸ್‌ಎನ್‌ಆರ್ ಜೊತೆ ಹೋಲಿಸಬೇಡಿ. ಈ ಅಂಕಿಗಳು ಲ್ಯಾಬಿನಲ್ಲಿ ಸರಿಯಾಗಿ ಹಾಕಿ ಅಳೆದವು. ನಿಜದ ಬಳಕೆಗೆ ಒಂದು ಒರಟು ಲೆಕ್ಕವಿದೆ: ಎನ್‌ಆರ್‌ಆರ್‌ನಿಂದ 7 ಕಳೆದು ಅರ್ಧ ಮಾಡಿ. 33 ಅಂತ ಬರೆದ ಫೋಮ್ ಪ್ಲಗ್‌ನಿಂದ ಸುಮಾರು 13 ಡೆಸಿಬೆಲ್ ತಗ್ಗುತ್ತದೆ ಅಂದುಕೊಳ್ಳಿ. ಅಷ್ಟಕ್ಕೇ 100 ಇದ್ದದ್ದು 87ಕ್ಕೆ ಇಳಿಯುತ್ತದೆ, 15 ನಿಮಿಷದ ಮಿತಿ ಸುಮಾರು 5 ಗಂಟೆಯಾಗುತ್ತದೆ. ಚೆನ್ನಾಗಿ ಕೂತರೆ ಇನ್ನೂ ಹೆಚ್ಚು ಸಿಗುತ್ತದೆ. ಹಾಗಾಗಿ ಪ್ಯಾಕೆಟ್ಟಿನ ಅಂಕಿಗಿಂತ ನಿಮ್ಮ ಕಿವಿಯಲ್ಲಿ ಅದು ಕೂರುವ ರೀತಿಯೇ ಮುಖ್ಯ.

ಹೊಸಬರು ಫೋಮ್‌ನಿಂದಲೇ ಶುರು ಮಾಡಲಿ. ಅಗ್ಗ, ಮೆತ್ತಗಿರುತ್ತದೆ, ಸದ್ದನ್ನು ಎಲ್ಲಕ್ಕಿಂತ ಹೆಚ್ಚು ತಡೆಯುತ್ತದೆ. ದಪ್ಪ ದನಿಗಿಂತ ತೆಳು ದನಿಯನ್ನು ಜಾಸ್ತಿ ಕತ್ತರಿಸುವುದರಿಂದ ಮಾತು ಮಸುಕಾಗುತ್ತದೆ, ಅದೊಂದು ಕೊರತೆ. ನಿಂತು ನಿಂತು ಮಾತಾಡುತ್ತ ಹೋಗುವವರಿಗೆ ಫಿಲ್ಟರ್ ಇರುವ ಸಿಲಿಕೋನ್ ಪ್ಲಗ್ ಒಳ್ಳೆಯದು. ಒಟ್ಟು ತಡೆ ಕಡಿಮೆಯಾದರೂ ಮಾತು, ಹಾರ್ನ್ ಸ್ಪಷ್ಟವಾಗಿ ಬರುತ್ತವೆ. ಯಾವುದೇ ಆಗಲಿ, ಕಿವಿಯಿಂದ ಹೊರಗೆ ಚಾಚಿಕೊಂಡಿರಬಾರದು. ಉದ್ದ ಬಾಲದ ಪ್ಲಗ್ ಹೆಲ್ಮೆಟ್ಟಿನ ಒಳಪ್ಯಾಡಿಗೆ ತಾಗಿ ಅರ್ಧ ಗಂಟೆಯಲ್ಲೇ ನೋವು ಕೊಡುತ್ತದೆ. ಕಿವಿರಂಧ್ರ ಸಣ್ಣದಿರುವವರು ಸಣ್ಣ ಸೈಜನ್ನೇ ಹುಡುಕಿ ಕೊಳ್ಳಬೇಕು. ಎರಡು ಕಿವಿಗೆ ಎರಡು ಸೈಜ್ ಬೇಕಾಗುವುದೂ ಉಂಟು. ಅಚ್ಚು ತೆಗೆದು ಮಾಡಿಸುವ ಪ್ಲಗ್ ದಿನವಿಡೀ ಓಡಿಸುವವರಿಗೆ ಹೇಳಿಮಾಡಿಸಿದ್ದು. ಅಚ್ಚು ಕೊಡುವಾಗ ಬಾಯಿ ಸ್ವಲ್ಪ ಆಡಿಸಿ, ಯಾಕೆಂದರೆ ದವಡೆ ಅಲುಗಿದಾಗ ರಂಧ್ರದ ಆಕಾರವೂ ಬದಲಾಗುತ್ತದೆ.

ಹತ್ತಿ ಉಂಡೆ ತುರುಕಿದರೆ ಏನೂ ಪ್ರಯೋಜನವಿಲ್ಲ. ಹಾಡು ಕೇಳುವ ಇಯರ್‌ಫೋನ್ ಇನ್ನೂ ಕೆಟ್ಟದ್ದು: ಗಾಳಿಯನ್ನು ಮೀರಿಸಲು ವಾಲ್ಯೂಮ್ ಏರಿಸುತ್ತೀರಿ, ಎರಡೂ ಸೇರಿ ಕಿವಿಗೆ ಬೀಳುತ್ತವೆ.

ಈಗ ಫೋಮ್ ಹಾಕುವ ಬಗೆ. ಹೆಚ್ಚಿನವರು ಎಡವುವುದು ಇಲ್ಲೇ. ಚೈನ್ ಎಣ್ಣೆ ಮುಟ್ಟಿದ ಕೈಯಾದರೆ ಮೊದಲು ತೊಳೆಯಿರಿ. ಪ್ಲಗ್ಗನ್ನು ಬೆರಳುಗಳ ನಡುವೆ ಉರುಳಿಸುತ್ತ ಹೊಸೆದು ಬತ್ತಿಯಷ್ಟು ತೆಳ್ಳಗೆ ಮಾಡಿ. ಹಿಸುಕಿದರೆ ಮಡಿಕೆ ಬೀಳುತ್ತದೆ, ಆ ಮಡಿಕೆಯ ಸಂದಿನಲ್ಲೇ ಸದ್ದು ಒಳಗೆ ನುಗ್ಗುತ್ತದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಬಾಗಿರುವ ರಂಧ್ರ ಆಗ ನೆಟ್ಟಗಾಗುತ್ತದೆ. ಅರಳುವ ಮೊದಲೇ ಒಳಗೆ ಸರಿಸಿ, ಬೆರಳ ತುದಿಯಿಂದ 30-40 ಸೆಕೆಂಡ್ ಒತ್ತಿ ಹಿಡಿಯಿರಿ. ಬೇಗ ಬಿಟ್ಟರೆ ಅದು ಅರಳುತ್ತ ಹೊರಗೆ ಜಾರುತ್ತದೆ. ಚಳಿಯಲ್ಲಿ ಫೋಮ್ ಗಡುಸಾಗಿ, ನಿಧಾನಕ್ಕೆ ಅರಳುತ್ತದೆ, ಆಗ ಇನ್ನಷ್ಟು ಹೊತ್ತು ಹಿಡಿಯಿರಿ.

ಕೂತಿದೆಯೇ ಅಂತ ನೋಡಲು ಎರಡೂ ಅಂಗೈಯಿಂದ ಕಿವಿ ಗಟ್ಟಿಯಾಗಿ ಮುಚ್ಚಿ ತೆಗೆಯಿರಿ. ಮುಚ್ಚಿದಾಗ ಹೊರಗಿನ ಸದ್ದು ಥಟ್ಟನೆ ಇಳಿದರೆ ಪ್ಲಗ್ ಸರಿಯಾಗಿ ಕೂತಿಲ್ಲ. ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಕೂತಿದೆ. ನಿಮ್ಮದೇ ದನಿ ಕೊಡದೊಳಗಿಂದ ಬಂದಂತೆ ಕೇಳುವುದೂ ಒಳ್ಳೆಯ ಗುರುತು.

ಹೆಲ್ಮೆಟ್ ಹಾಕುವಾಗ ಪಟ್ಟಿಗಳನ್ನು ಎರಡೂ ಕಡೆಗೆ ಅಗಲಿಸಿ ಇಳಿಸಿ, ಇಲ್ಲವಾದರೆ ಒಳಪ್ಯಾಡ್ ಕಿವಿಯನ್ನು ಮಡಚಿ ಪ್ಲಗ್ಗನ್ನು ಕಿತ್ತುಬಿಡುತ್ತದೆ. ಹಾಕಿದ ಮೇಲೂ ಒಂದು ಕಡೆ ಸದ್ದು ಜಾಸ್ತಿ ಅನಿಸಿದರೆ ಹಾಗೇ ಹೊರಡಬೇಡಿ, ತೆಗೆದು ಮತ್ತೆ ಹಾಕಿ. ಸದ್ದಿನ ಅರ್ಧ ಅವಧಿ ಪ್ಲಗ್ ಇಲ್ಲದೆ ಕಳೆದರೆ, ಎಂಥ ಪ್ಲಗ್ ಆಗಿರಲಿ, ಒಟ್ಟಾರೆ ಸಿಗುವ ಲಾಭ 3 ಡೆಸಿಬೆಲ್ ದಾಟುವುದಿಲ್ಲ. ಹೈವೇ ಬಂದ ಮೇಲೆ ಹಾಕೋಣ ಅನ್ನುವವರು ಈ ಲೆಕ್ಕ ನೆನಪಿಡಬೇಕು.

ಹಾರ್ನ್, ಸೈರನ್ ಕೇಳದೇ ಹೋದರೆ ಅನ್ನುವ ಭಯ ಸಹಜ. ಪ್ಲಗ್ ಗಾಳಿಯನ್ನೂ ಹಾರ್ನನ್ನೂ ಒಟ್ಟಿಗೆ ತಗ್ಗಿಸುತ್ತದೆ, ಹಾಗಾಗಿ ಗಾಳಿಯ ಅಬ್ಬರದಲ್ಲಿ ಹೂತುಹೋಗುತ್ತಿದ್ದ ಸದ್ದುಗಳೂ ವೇಗದಲ್ಲಿ ಸಾಮಾನ್ಯವಾಗಿ ತಿಳಿಯುತ್ತವೆ. ಆದರೂ ಕನ್ನಡಿ ನೋಡುವ ಅಭ್ಯಾಸ ಬಿಡಬೇಡಿ. ಸವಾರಿಯಲ್ಲಿ ಕಿವಿ ಮುಚ್ಚುವ ಬಗ್ಗೆ ನಿಮ್ಮ ಕಡೆಯ ಕಾನೂನು ಏನನ್ನುತ್ತದೆ ಅಂತಲೂ ತಿಳಿದುಕೊಳ್ಳಿ.

ತೆಗೆಯುವಾಗ ತಿರುಚುತ್ತ ನಿಧಾನವಾಗಿ ಎಳೆಯಿರಿ. ಜಗ್ಗಿದರೆ ಒಳಗೆ ಗಾಳಿಯ ಸೆಳೆತವಾಗಿ ಕಿವಿಯ ತಮಟೆ ನೋಯುತ್ತದೆ. ಸಿಲಿಕೋನ್ ಆದರೆ ಫಿಲ್ಟರ್ ಬಿಡಿಸಿಟ್ಟು ಉಳಿದದ್ದನ್ನು ಉಗುರುಬೆಚ್ಚಗಿನ ಸೋಪುನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಫೋಮ್ ಕೊಳೆಯಾದರೆ, ಗಟ್ಟಿಯಾದರೆ, ಹೊಸೆದ ಮೇಲೆ ಮೊದಲಿನ ಆಕಾರಕ್ಕೆ ಬರದಿದ್ದರೆ ಎಸೆಯಿರಿ. ಕಿವಿ ಸೋರುತ್ತಿದ್ದರೆ, ತಮಟೆ ತೂತಾಗಿದ್ದರೆ, ಗುಗ್ಗೆ ಕಟ್ಟಿಕೊಂಡಿದ್ದರೆ ವೈದ್ಯರಿಗೆ ತೋರಿಸುವವರೆಗೆ ಯಾವ ಪ್ಲಗ್ಗನ್ನೂ ಒಳಗೆ ತಳ್ಳಬೇಡಿ.