ಹಳೇ ಅರದಿಂದ ಲೇತ್‌ಗೆ ಒಂದು ಸ್ಕ್ರೇಪರ್

ಮರ ಕಡೆಯೋಕೆ ಒಳ್ಳೇ ಹೈಸ್ಪೀಡ್ ಸ್ಟೀಲ್ (ಬಿಸಿಯಾದ್ರೂ ಹರಿತ ಬೇಗ ಕಳ್ಕೊಳ್ಳದ ಉಕ್ಕು) ಟೂಲ್ ತಗೋಳೋಣ ಅಂತ ಆನ್‌ಲೈನಲ್ಲಿ ಹುಡುಕಿದ್ರೆ ರೇಟ್ ನೋಡಿ ಸುಮ್ನಾಗ್ಬೇಕು, ಅದಕ್ಕೇ ಹೊಸದಾಗಿ ಲೇತ್ (ಮರಾನ ಸುತ್ತಿಸೋ ಮೆಷಿನ್) ತಗೊಂಡವರು ಬಹಳಷ್ಟು ಜನ ಮೊದಲು ಹುಡುಕೋದು ಗುಜರಿ ಅಂಗಡೀಲಿ ಬಿದ್ದಿರೋ ಹಳೇ ಅರಾನ. ನಾನೂ ಅಷ್ಟೇ, ಅದರಿಂದ ಸ್ಕ್ರೇಪರ್, ಅಂದ್ರೆ ಸುತ್ತೋ ಮರಾನ ಹೆರೆಯೋ ಉಳಿ, ಮಾಡ್ಕೊಂಡೆ. ಹಲ್ಲು ಸವೆದಿರೋ 12 ಇಂಚಿನ ಚಪ್ಪಟೆ ಅರ ತೂಕದ ಲೆಕ್ಕದಲ್ಲಿ ಸಿಗುತ್ತೆ, ಉಕ್ಕು ಮಾತ್ರ ಗಟ್ಟಿ ಮಾಲು, ಹೆಚ್ಚೂಕಮ್ಮಿ 1.2 ಪರ್ಸೆಂಟ್ ಕಾರ್ಬನ್ ಇರುತ್ತೆ. ಅಗ್ಗದ ಕೆಲವು ಅರಗಳು ಮೇಲ್ಮೈ ಮಾತ್ರ ಗಡಸು, ಒಳಗೆಲ್ಲ ಮೆತ್ತಗಿನ ಕಬ್ಬಿಣ, ಅವು ಇದಕ್ಕೆ ಆಗಲ್ಲ.

ಆದ್ರೆ ಅರದ ತುದಿ ಉಜ್ಜಿ, ಹಿಡಿ ಹಾಕಿ, ಹಾಗೇ ಲೇತಿಗೆ ಒಡ್ಡಬೇಡಿ ಮಾರಾಯ್ರೆ! ಹಾಗೆ ಮಾಡಿ ತೋರಿಸೋ ವಿಡಿಯೋಗಳು ಬೇಕಾದಷ್ಟಿವೆ, ನೋಡಿದ್ರೆ ನಂಗೆ ಮೈ ಉರಿಯುತ್ತೆ. ಅರ ಇರೋದು ಕಬ್ಬಿಣ ಉಜ್ಜೋಕೆ, ಗಡಸುತನ ಅಳೆಯೋ ರಾಕ್‌ವೆಲ್ ಸಿ ಸ್ಕೇಲಲ್ಲಿ 65ರ ಹತ್ರ ಇರುತ್ತೆ, ಅಷ್ಟು ಗಡಸಾದದ್ದು ಬಗ್ಗಲ್ಲ, ಗಾಜಿನ ಥರ ಪಟ್ ಅಂತ ಮುರಿಯುತ್ತೆ. ಸುತ್ತುತ್ತಿರೋ ಬಟ್ಟಲಿನ ಅಂಚಿಗೆ ಒಂದ್ಸಲ ಸಿಕ್ಕಿಕೊಂಡ್ರೆ ಟೂಲ್ ರೆಸ್ಟ್ (ಉಳಿಗೆ ಆಸರೆ ಕೊಡೋ ಅಡ್ಡಪಟ್ಟಿ) ಮೇಲೇ ಎರಡು ತುಂಡು, ಮುಂದಿನ ತುಂಡು ಯಾರ ಮುಖಕ್ಕೆ ಬರುತ್ತೆ ಅಂತ ಹೇಳ್ಬೇಕಾಗಿಲ್ಲ.

ಅದಕ್ಕೇ ಮೊದಲು ಹದ ಇಳಿಸ್ಬೇಕು, ಅಂದ್ರೆ ಕಾಯಿಸಿ ಗಡಸುತನ ಸ್ವಲ್ಪ ಕಮ್ಮಿ ಮಾಡ್ಬೇಕು. ಹಲ್ಲೆಲ್ಲ ಗ್ರೈಂಡ್ ಮಾಡಿ ತೆಗೀರಿ, ಯಾಕಂದ್ರೆ ಬಿರುಕು ಶುರುವಾಗೋದೇ ಹಲ್ಲಿನ ಸಂದಿಯಿಂದ, ಜೊತೆಗೆ ತಳ ನುಣ್ಣಗಿದ್ರೇನೇ ರೆಸ್ಟ್ ಮೇಲೆ ಜಾರೋದು. ಆಮೇಲೆ ಎಣ್ಣೆ ಜಿಡ್ಡು ಹೋಗೋ ಹಾಗೆ ತೊಳೆದು ಓವನ್‌ನಲ್ಲಿ 220 ಡಿಗ್ರಿಗೆ ಎರಡು ಗಂಟೆ. "ಕೇಕ್ ಮಾಡೋದ್ರಲ್ಲಿ ಕಬ್ಬಿಣ ಬೇಯಿಸ್ತೀಯೇನೋ" ಅಂತ ಅಮ್ಮ ಬೈದ್ರು, ಬೈಲಿ ಬಿಡಿ. ಹೊರಗೆ ತೆಗೆದಾಗ ಉಜ್ಜಿದ ಜಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗಿರ್ಬೇಕು, ಬೆಳ್ಳಗೇ ಇದ್ರೆ ಓವನ್ ಡಯಲ್ ಸುಳ್ಳು ಹೇಳ್ತಿದೆ ಅಂತ ಅರ್ಥ. ಕೊನೆಗೆ ಮುಂದಿನ ಎರಡು ಇಂಚು ನೀರಲ್ಲಿ ಮುಳುಗಿಸಿಟ್ಟು ಹಿಡಿ ಕಡೆಗೆ ಗ್ಯಾಸ್ ಟಾರ್ಚ್ ಹಿಡಿದು ನೀಲಿ ಬರೋವರೆಗೂ ಕಾಯಿಸಿದ್ರೆ ಬಾಯಿ, ಅಂದ್ರೆ ಹರಿತದ ಅಂಚು, ಗಡಸಾಗೇ ಉಳಿದು ಬೆನ್ನು ಮಾತ್ರ ಪೆಟ್ಟು ತಡ್ಕೊಳ್ಳೋ ಹಾಗಾಗುತ್ತೆ.

ತುದಿ ಅರ್ಧ ಚಂದ್ರಾಕಾರ ಮಾಡಿ 75 ಡಿಗ್ರಿ ಕೋನದಲ್ಲಿ ಸಾಣೆ ಹಿಡಿದೆ, ಘಳಿಗೆಗೊಂದ್ಸಲ ನೀರಲ್ಲಿ ಅದ್ದಿ ಅದ್ದಿ, ಬಾಯಲ್ಲಿ ನೀಲಿ ಕಂಡ್ರೆ ಅಷ್ಟು ಜಾಗ ಸತ್ತೋಯ್ತು ಅಂತ್ಲೇ, ಅದನ್ನ ಉಜ್ಜಿ ತೆಗೀಲೇಬೇಕು. ಹಿಡಿಗೆ ಜಾಲಿ ಮರ, ಅದನ್ನೂ ಲೇತಲ್ಲೇ ಕಡೆದದ್ದು, ಹಿಡಿಯ ತುದಿ ಸೀಳಬಾರ್ದು ಅಂತ ಎಸಿ ರಿಪೇರಿಯವರ ಹತ್ರ ಸಿಕ್ಕ ತಾಮ್ರದ ಪೈಪಿನ ಬಳೆ.

ಒಣಗಿದ ಹಲಸಿನ ಮರದ ಮೇಲೆ ಇಟ್ಟೆ. ಹಿಡಿ ಸ್ವಲ್ಪ ಮೇಲೆ, ತುದಿ ಸ್ವಲ್ಪ ಕೆಳಗೆ. ಧೂಳಲ್ಲ, ಹಳದಿ ಸುರುಳಿ ಬಂತು! ಹೈಸ್ಪೀಡ್ ಸ್ಟೀಲಿನಷ್ಟು ಹೊತ್ತು ಹರಿತ ನಿಲ್ಲಲ್ಲ, ಆಗಾಗ ಸಾಣೆ ಕೊಡ್ಬೇಕು, ಚನ್ನಪಟ್ಟಣದ ಗೊಂಬೆಗೆ ಹಾಕೋ ಆಲೆ ಮರದಂಥ ಮೆತ್ತನೆ ಮರಕ್ಕಂತೂ ಧಾರಾಳ ಸಾಕು. ಆಳದ ಬಟ್ಟಲಿಗೆ ಮಾತ್ರ ಇದನ್ನ ಹಾಕಲ್ಲ, ರೆಸ್ಟಿಂದ ಒಂದೂವರೆ ಇಂಚಿಗಿಂತ ಆಚೆ ಹೋದ್ರೆ ಅದುರೋಕೆ ಶುರು ಮಾಡುತ್ತೆ, ಅದಕ್ಕೆ 12 ಎಂಎಂ ಚೌಕದ ಸರಳಿಗೆ ಉಕ್ಕಿಗಿಂತ ಗಡಸಾದ ಕಾರ್ಬೈಡ್ ಬಿಲ್ಲೆ ಸ್ಕ್ರೂ ಮಾಡಿ ಇನ್ನೊಂದು ಟೂಲ್ ಮಾಡ್ತಿದೀನಿ, ಸರಳು ತಂದಾಗಿದೆ, ಸ್ಕ್ರೂ ತೂತಿಗೆ ಥ್ರೆಡ್ ಕೊರೆಯೋ ಎಂ4 ಟ್ಯಾಪ್ ಒಂದು ಸಿಗ್ಬೇಕು.